ಶಾಸಕರ ಅಂಗಳಕ್ಕೆ ಹೋಗುವಾಗ ಆಟದಲ್ಲಿ ಸೋತವರನ್ನೂ ಕರೆದುಕೊಂಡು ಹೋಗಿ

ನಾನು ಕೊಬ್ಬರಿ ಮಂಡಿಯವನು. ತುಮಕೂರು ಜಿಲ್ಲೆಯ ಹನ್ನೊಂದು ವಿಧಾನಸಭಾ ಕ್ಷೇತ್ರಗಳಲ್ಲಿ ಒಂದರ ಮತದಾರ. ಯಾವುದು ಎಂದು ಬರೆಯುವುದಿಲ್ಲ. ಊರಿನ ಹೆಸರು ಬರೆದರೆ ಶಾಸಕರ ಹೆಸರನ್ನೂ ಬರೆದ ಹಾಗೆ. ಹಗಲೆಲ್ಲ ತೂಕ, ಹರಾಜು, ಲಾರಿ ಬಾಡಿಗೆಯ ಜಗಳ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಮೊಬೈಲಿನಲ್ಲಿ ರಮ್ಮಿ. ಒಂಬತ್ತು ವರ್ಷ ಹೀಗೆ ಆಡಿದೆ. ತಿಂಗಳಿಗೆ ಎರಡು ಸಾವಿರ ರೂಪಾಯಿಗಿಂತ ಹೆಚ್ಚು ಹಾಕುವುದಿಲ್ಲ ಎಂದು ನನಗೆ ನಾನೇ ಕಟ್ಟಳೆ ಮಾಡಿಕೊಂಡಿದ್ದೆ. ಹಾಕಿದ್ದನ್ನೂ ಬಂದದ್ದನ್ನೂ ಮಂಡಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಡುತ್ತಿದ್ದೆ. ಒಟ್ಟು ಕಳೆದದ್ದು 31,400 ರೂಪಾಯಿ. ಸಿಗರೇಟು ಸೇದುವ ನನ್ನ ತಮ್ಮ ಅಷ್ಟೇ ವರ್ಷಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಸುಟ್ಟಿದ್ದಾನೆ, ಅವನನ್ನು ಯಾರೂ ಜೂಜುಕೋರ ಎನ್ನುವುದಿಲ್ಲ.

2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ ಮಂಡನೆಯಾಯಿತು, ಅಂದೇ ಗದ್ದಲದ ನಡುವೆ ಅಂಗೀಕಾರವೂ ಆಯಿತು. 21ರಂದು ರಾಜ್ಯಸಭೆ. 22ರಂದು ರಾಷ್ಟ್ರಪತಿಗಳ ಅಂಕಿತ. ಹಣ ಕಟ್ಟಿ ಆಡುವ ಆಟ ಕೌಶಲದ್ದಾದರೂ ಅಷ್ಟೇ, ಅದೃಷ್ಟದ್ದಾದರೂ ಅಷ್ಟೇ, ಆನ್‌ಲೈನ್‌ನಲ್ಲಿ ಎಲ್ಲವೂ ನಿಷೇಧ. ನಮ್ಮ ಕಡೆ ತೆಂಗಿನಕಾಯಿ ಅಟ್ಟದ ಮೇಲೆ ಕುಳಿತು ಉಂಡೆ ಕೊಬ್ಬರಿಯಾಗಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಕಾಯ್ದೆಯಾಗಲು ಮೂರು ದಿನ ಸಾಕಾಯಿತು.

ಪೂರ್ತಿ ನಿಷೇಧದ ಬದಲು ಪರವಾನಗಿ ಕೊಟ್ಟು ಬಿಗಿಯಾದ ಕಟ್ಟುಪಾಡು ಹಾಕಿ ಎಂದು ಜನಪ್ರತಿನಿಧಿಗಳ ಮುಂದೆ ಹೇಳಬೇಕೆಂದಿರುವ ಸಾಮಾನ್ಯ ಆಟಗಾರರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಮೂರು ಸಲ ಪ್ರಯತ್ನಪಟ್ಟಿದ್ದೇವೆ. ಎರಡು ಸಲ ಕೆಡಿಸಿಕೊಂಡಿದ್ದೇವೆ. ಕೆಡಿಸಿಕೊಂಡದ್ದರಲ್ಲೇ ಹೇಳುವುದು ಹೆಚ್ಚಿದೆ.

ಮೊದಲೇ ಒಂದು ಮಾತು. ಈ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಆಟ ಒದಗಿಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ, ಆಡಿದವನಿಗಲ್ಲ. ಹಾಗೆಂದು ವಿದೇಶದ ಆ್ಯಪ್‌ಗಳಲ್ಲಿ ಕದ್ದು ಆಡುತ್ತಾ ಶಾಸಕರ ಮುಂದೆ ಹೋಗಿ ನಿಂತರೆ ನಿಮಗೆ ಮುಖವಿರುವುದಿಲ್ಲ. ನಮ್ಮ ಗುಂಪಿನಲ್ಲಿ ಒಬ್ಬರು ಆಡುತ್ತಿದ್ದರು. ನಿಲ್ಲಿಸಿ, ಇಲ್ಲವೇ ಸಹಿ ಹಾಕಬೇಡಿ ಎಂದೆವು. ಅವರು ಸಹಿ ಹಾಕಲಿಲ್ಲ. ಅದೂ ಒಳ್ಳೆಯದೇ ಆಯಿತು.

ಇನ್ನು ಕೆಲಸಕ್ಕೆ ಬರೋಣ. ಯಾರ ಬಳಿ ಏನು ಕೇಳಬೇಕು ಎಂಬುದನ್ನು ತಿಳಿಯದೆ ಮನೆ ಬಿಡಬೇಡಿ. ಸಂವಿಧಾನದ ರಾಜ್ಯ ಪಟ್ಟಿಯ 34ನೇ ನಮೂದು ಬಾಜಿ ಮತ್ತು ಜೂಜು. ಆದ್ದರಿಂದ ಇಷ್ಟು ಕಾಲ ಇದು ರಾಜ್ಯದ ವಿಷಯವಾಗಿತ್ತು. 2021ರಲ್ಲಿ ನಮ್ಮ ರಾಜ್ಯವೇ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಕೌಶಲದ ಆಟಗಳನ್ನೂ ಜೂಜಿನ ವ್ಯಾಖ್ಯೆಯೊಳಗೆ ಸೇರಿಸಿತು. ಅದು ಆ ವರ್ಷದ ಅಕ್ಟೋಬರ್ 5ರಂದು ಜಾರಿಗೆ ಬಂತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2025ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದನ್ನು ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟುಗಳಿಗೆ ಹೋಗಿದ್ದ ಅರ್ಜಿಗಳನ್ನು, ನಮ್ಮ ಹೈಕೋರ್ಟಿನದನ್ನೂ ಸೇರಿಸಿ, ಸುಪ್ರೀಂ ಕೋರ್ಟ್ ತನ್ನ ಬಳಿಗೇ ತರಿಸಿಕೊಂಡಿತು. ಇಷ್ಟು ತಿಳಿಯದೆ ಶಾಸಕರ ಬಳಿ ಹೋಗಿ "ಈ ಕಾಯ್ದೆ ತೆಗೆಸಿ" ಎಂದರೆ, "ಇದು ದೆಹಲಿಯದು, ನಮ್ಮ ಕೈಯಲ್ಲಿಲ್ಲ" ಎಂದು ಒಂದೇ ಮಾತಿನಲ್ಲಿ ಕಳಿಸುತ್ತಾರೆ. ಕಾಫಿಯನ್ನೂ ಕೊಟ್ಟೇ ಕಳಿಸುತ್ತಾರೆ. ಕಾಫಿ ಕುಡಿದು ಹೊರಬಂದವರು ಕೆಲಸವಾಯಿತು ಎಂದುಕೊಳ್ಳುತ್ತಾರೆ.

ಜನ ಸೇರಿಸುವುದು ಹೇಗೆ ಎಂದು ಬಹಳ ಮಂದಿ ಕೇಳುತ್ತಾರೆ. ಸಾವಿರ ಜನ ಬೇಡ. ನಮ್ಮ ಪಟ್ಟಿಯಲ್ಲಿದ್ದವರು ನಲವತ್ತೊಂದು ಮಂದಿ, ಕೊನೆಯವರೆಗೆ ಉಳಿದವರು ಒಂಬತ್ತು. ಒಬ್ಬರು ನಿವೃತ್ತ ಗಣಿತ ಮೇಷ್ಟರು, ಇಬ್ಬರು ಅಡಿಕೆ ವ್ಯಾಪಾರಿಗಳು, ಒಬ್ಬ ಎಲ್‌ಐಸಿ ಏಜೆಂಟ್, ಒಬ್ಬರು ಮೆಡಿಕಲ್ ಸ್ಟೋರ್ ನಡೆಸುವ ಹೆಣ್ಣುಮಗಳು. ಅವರು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದರು. ಎದುರಾಳಿ ಬಿಸಾಡಿದ ಎಲೆಗಳನ್ನು ಒಂದೂ ಬಿಡದೆ ನೆನಪಿಟ್ಟುಕೊಳ್ಳುತ್ತಿದ್ದರು. ಸಹಿ ಪಟ್ಟಿ ಮಾಡುವಾಗ ಹೆಸರಿನ ಪಕ್ಕದಲ್ಲಿ ಮತದಾರರ ಗುರುತಿನ ಚೀಟಿಯ ಸಂಖ್ಯೆ ಮತ್ತು ಮತಗಟ್ಟೆ ಸಂಖ್ಯೆ ಬರೆಸಿ. ಪಂಚಾಯಿತಿವಾರು, ವಾರ್ಡುವಾರು ಜೋಡಿಸಿ. ಶಾಸಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಬೆಂಗಳೂರಿನ ಐನೂರು ಸಹಿಗಿಂತ ತಮ್ಮ ಕ್ಷೇತ್ರದ ಹದಿನಾಲ್ಕು ಮತಗಟ್ಟೆಗಳ ನಲವತ್ತು ಸಹಿ ಅವರಿಗೆ ಭಾರ. ಆದರೆ ಈ ಪಟ್ಟಿ ಅವರ ಕೈಗೆ ಮಾತ್ರ. ಅದರ ಫೋಟೋ ಎಲ್ಲಿಯೂ ಹಾಕಬೇಡಿ. ಗುರುತಿನ ಚೀಟಿಯ ಸಂಖ್ಯೆ ಊರೆಲ್ಲ ಸುತ್ತಬಾರದು.

ಕಂಪನಿಗಳ ಹಣ ಮುಟ್ಟಬೇಡಿ. 2021ರಲ್ಲಿ ನಾವು ಕೆಡಿಸಿಕೊಂಡದ್ದು ಅಲ್ಲಿಯೇ. ಸೆಪ್ಟೆಂಬರಿನಲ್ಲಿ ಮಸೂದೆ ಸದನಕ್ಕೆ ಬಂದಾಗ ಯಾರೋ ಒಬ್ಬರು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಇಂಗ್ಲಿಷಿನ ಸಿದ್ಧ ಇ-ಮೇಲ್ ಕಳಿಸಿದರು: ಹೆಸರು ತುಂಬಿಸಿ, ಗುಂಡಿ ಒತ್ತಿ, ಶಾಸಕರಿಗೆ ತಲುಪುತ್ತದೆ. ನಾವೂ ಒತ್ತಿದೆವು. ಆಮೇಲೆ ಒಂದು ಮದುವೆಯಲ್ಲಿ ಸಿಕ್ಕ ಶಾಸಕರ ಆಪ್ತ ಸಹಾಯಕರು ತಮ್ಮ ಮೊಬೈಲ್ ತೆರೆದು ತೋರಿಸಿದರು. ಒಂದೇ ತಲೆಬರಹ, ಒಂದೇ ಒಕ್ಕಣೆ, ಸಾಲುಸಾಲಾಗಿ. "ಇದನ್ನು ನಾನು ಸಾಹೇಬರಿಗೆ ತೋರಿಸಲಿಲ್ಲ. ಇದು ಯಾವುದೋ ಕಂಪನಿಯದು ಎಂದುಕೊಂಡೆ. ನಿಮ್ಮ ಹೆಸರೂ ಇತ್ತೇ?" ಎಂದು ಕೇಳಿದರು. ಎಲೆಯ ಮೇಲೆ ಬಡಿಸಿದ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಬಸ್ಸು ಮಾಡಿಕೊಡುತ್ತೇವೆ, ಟೀ ಶರ್ಟ್ ಕೊಡುತ್ತೇವೆ ಎಂದು ಬರುವವರೂ ಇದ್ದಾರೆ. ಕೈಮುಗಿದು ಕಳಿಸಿ. ಅವರಿಗೆ ವಕೀಲರಿದ್ದಾರೆ, ಸಂಘಗಳಿವೆ, ಅವರ ಮಾತನ್ನು ಅವರು ಆಡಿಕೊಳ್ಳುತ್ತಾರೆ. ನಿಮ್ಮ ಬಳಿ ಇರುವುದು ನಿಮ್ಮ ಮತ ಮತ್ತು ನಿಮ್ಮ ಮಾತು ಮಾತ್ರ; ಅದರ ಮೇಲೆ ಬೇರೆಯವರ ಮೊಹರು ಬಿದ್ದರೆ ಮುಗಿಯಿತು.

ಹಾಗೆಯೇ ನೀವೂ ಏನನ್ನೂ ಒಯ್ಯಬೇಡಿ. ಜನಪ್ರತಿನಿಧಿಗಳ ಮನೆಗೆ ಹೋಗುವಾಗ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಹೋಗುವ ಚಾಳಿ ನಮ್ಮಲ್ಲಿ ಇದ್ದೇ ಇದೆ. ನಾನು ಕೊಬ್ಬರಿ ಮಂಡಿಯವನಾಗಿ ಒಂದು ಕೊಬ್ಬರಿ ಗಿಟುಕನ್ನೂ ಒಯ್ಯಲಿಲ್ಲ. ಒಂದು ನಿಂಬೆಹಣ್ಣು ಕೊಟ್ಟೆ, ಅದು ಮರ್ಯಾದೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಮೇಲೆ ಲಂಚ ಕೊಡುವವನೂ ನೇರ ಅಪರಾಧಿ ಎಂಬುದು ನೆನಪಿರಲಿ.

ಎರಡನೆಯ ಸಲ ಹೋದದ್ದು 2025ರ ಜುಲೈ ಕೊನೆಯಲ್ಲಿ. ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ಮತ್ತೊಂದು ತಿದ್ದುಪಡಿಯ ಕರಡು ಸಿದ್ಧಪಡಿಸುತ್ತಿದೆ ಎಂದು ಪತ್ರಿಕೆಯಲ್ಲಿ ಓದಿದ್ದೆವು. ಆಗಸ್ಟಿನಲ್ಲಿ ವಿಧಾನಮಂಡಲದ ಅಧಿವೇಶನವಿತ್ತು. ಗೃಹ ಸಚಿವರು ನಮ್ಮ ಜಿಲ್ಲೆಯ ಕೊರಟಗೆರೆಯ ಶಾಸಕರು, ನೇರ ಅಲ್ಲಿಗೇ ಹೋಗೋಣ ಎಂದು ಎಲ್‌ಐಸಿಯವರು ಹಟ ಹಿಡಿದರು. ಬೇಡ ಎಂದೆ. ನೀವು ಯಾರ ಕ್ಷೇತ್ರದ ಮತದಾರರೋ ಅವರ ಬಳಿಗೆ ಮೊದಲು. ಅವರನ್ನು ದಾಟಿ ಹೋದರೆ ಅವರಿಗೂ ಸಿಟ್ಟು, ಮೇಲಿನವರಿಗೂ ನೀವು ಯಾರೆಂದು ಗೊತ್ತಿಲ್ಲ.

ಹನ್ನೊಂದು ಗಂಡಸರು ಹೋದೆವು. ನಮ್ಮ ಪತ್ರ ನಾಲ್ಕು ಪುಟ. ಮೇಷ್ಟರು ಅದರಲ್ಲಿ ರಮ್ಮಿ ಬಹುಪಾಲು ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಹೇಳಿದ್ದನ್ನೂ, 1996ರಲ್ಲಿ ಕುದುರೆ ರೇಸನ್ನು ಕೌಶಲದ್ದು ಎಂದದ್ದನ್ನೂ, 2022ರ ನಮ್ಮ ಹೈಕೋರ್ಟ್ ತೀರ್ಪನ್ನೂ ಸಾಲಾಗಿ ಬರೆದಿದ್ದರು. ಕೊನೆಗೆ "ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ" ಎಂಬ ಗಾದೆ. ಒಂದೂ ತಪ್ಪಿರಲಿಲ್ಲ. ಶಾಸಕರು ಮೊದಲ ಪುಟ ಮಗುಚಿ, ನಕ್ಕು, "ಏನು ಯಜಮಾನರೇ, ಧರ್ಮರಾಯನೂ ಕೌಶಲದ ಆಟವೆಂದೇ ಕುಳಿತಿದ್ದನಲ್ಲವೇ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ನಾವೂ ನಕ್ಕೆವು, ಬೇರೆ ದಾರಿ ಇರಲಿಲ್ಲ. ನಾಲ್ಕು ನಿಮಿಷದಲ್ಲಿ ಹೊರಗಿದ್ದೆವು. ಮೂರು ವಾರ ಕಳೆಯುವಷ್ಟರಲ್ಲಿ ದೆಹಲಿಯಿಂದ ಮೇಲೆ ಹೇಳಿದ ಆ ಮೂರು ದಿನಗಳು ಬಂದವು.

ಈಗ ನನ್ನ ತಂಗಿಯ ವಿಷಯ ಹೇಳಬೇಕು. ಅವಳ ಮಗ, ನನ್ನ ಸೋದರಳಿಯ, ಇಪ್ಪತ್ತನಾಲ್ಕು ವರ್ಷ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ನಿಷೇಧಕ್ಕೆ ಒಂದೂವರೆ ವರ್ಷ ಮೊದಲೇ ಒಂದು ಆ್ಯಪ್‌ನಲ್ಲಿ ಎಂಟು ತಿಂಗಳಲ್ಲಿ 1,80,000 ರೂಪಾಯಿ ಕಳೆದಿದ್ದ. ಅದರಲ್ಲಿ ತಾಯಿಯ ಸರ ಅಡವಿಟ್ಟ ಹಣವೂ ಇತ್ತು. ನಾನು ಆಡುತ್ತಿದ್ದುದನ್ನು ನೋಡಿಯೇ ಅವನು ಕಲಿತದ್ದು ಎಂದು ತಂಗಿ ಆರು ತಿಂಗಳು ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಆ ಮಾತಿಗೆ ನನ್ನ ಬಳಿ ಉತ್ತರವೂ ಇರಲಿಲ್ಲ. ಕಾಯ್ದೆ ಬಂದಾಗ ಅವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು. ದೀಪ ಹಚ್ಚಿ ಎರಡು ತಿಂಗಳಾಗಿರಲಿಲ್ಲ. ಹುಡುಗ ಮೊಬೈಲಿಗೆ ಬಂದ ಯಾವುದೋ ಲಿಂಕ್ ಹಿಡಿದು ಇನ್ನೊಂದು ಕಡೆ ಆಡುತ್ತಿದ್ದ. ಅಲ್ಲಿ ಪ್ರತಿ ಸಲವೂ ಹಣ ಕಟ್ಟುವುದು ಬೇರೆ ಬೇರೆ ವ್ಯಕ್ತಿಯ ಯುಪಿಐಗೆ. ಆಧಾರ್ ಕೇಳುವುದಿಲ್ಲ, ಪ್ಯಾನ್ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ. ಒಮ್ಮೆ ನಲವತ್ತು ಸಾವಿರ ಗೆದ್ದ, ಕೊಡಲಿಲ್ಲ. ಕೇಳಿದರೆ ಇನ್ನೂ ಹತ್ತು ಸಾವಿರ ಕಟ್ಟು, ಆಮೇಲೆ ಬಿಡುಗಡೆ ಎಂದರು. ಕಟ್ಟಿದ. ಅದೂ ಹೋಯಿತು. ಸೈಬರ್ ವಂಚನೆಯ 1930ಕ್ಕೆ ಕರೆಮಾಡಿ ದೂರು ಬರೆಸಿದೆವು.

ನೆಗಡಿಯ ಗಾದೆ ಇದ್ದ ನಮ್ಮ ಪತ್ರವನ್ನು ತಂಗಿಗೆ ಓದಲು ಕೊಟ್ಟಿದ್ದೆ. "ಅಣ್ಣ, ಮೂಗು ಹೋಗಿರುವುದು ನನ್ನದು. ನೆಗಡಿ ಎಂದು ಬರೆದಿದ್ದೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ?" ಎಂದಳು. ಹರಿದುಹಾಕಿದೆ. ಮುಂದಿನ ಪತ್ರವನ್ನು ಅವಳನ್ನು ಕೂರಿಸಿಕೊಂಡೇ ಬರೆದೆವು. ಒಂದೇ ಪುಟ, ಕನ್ನಡದಲ್ಲಿ, ಅಕ್ಷರ ದೊಡ್ಡದು. ಶಾಸಕರು ಕನ್ನಡಕ ಹುಡುಕುವಂತಾಗಬಾರದು. ಅದರ ತಿರುಳು ಹೀಗಿತ್ತು:

"ಮಾನ್ಯರೇ, ನಾವು ನಿಮ್ಮ ಕ್ಷೇತ್ರದ ಮತದಾರರು. ನಮ್ಮಲ್ಲಿ ಆಡಿದವರಿದ್ದಾರೆ, ಆಡಿ ಹಾಳಾದವರ ಮನೆಯವರೂ ಇದ್ದಾರೆ. ಆನ್‌ಲೈನ್ ಆಟದಿಂದ ಮನೆಗಳು ಮುರಿದಿವೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಿಷೇಧದ ನಂತರ ನಮ್ಮ ಹುಡುಗರು ಹೇಳುವವರು ಕೇಳುವವರಿಲ್ಲದ ವಿದೇಶಿ ಆ್ಯಪ್‌ಗಳಿಗೆ ಬೀಳುತ್ತಿದ್ದಾರೆ. ಪಕ್ಕದ ತಮಿಳುನಾಡು 2025ರಲ್ಲಿ ನಡುರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ಆಟ ಬಂದ್, ಆಧಾರ್ ಪರಿಶೀಲನೆ ಎಂಬ ನಿಯಮಗಳನ್ನು ಮಾಡಿತ್ತು. ಮದ್ರಾಸ್ ಹೈಕೋರ್ಟ್ ಅವನ್ನು ಎತ್ತಿಹಿಡಿದಿತ್ತು. ಪೂರ್ತಿ ನಿಷೇಧದ ಬದಲು ಅಂಥ ಕಟ್ಟುಪಾಡು, ತಿಂಗಳ ಮಿತಿ ಮತ್ತು ಮನೆಯವರು ದೂರು ಕೊಟ್ಟರೆ ಖಾತೆ ಮುಚ್ಚುವ ವ್ಯವಸ್ಥೆ ಬೇಕೆಂದು ಕೇಂದ್ರ ಸರ್ಕಾರಕ್ಕೆ ತಾವು ಪತ್ರ ಬರೆಯಬೇಕು. ಕಳೆದ ಎರಡು ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಇಂಥ ಆ್ಯಪ್‌ಗಳ ಬಗ್ಗೆ ಎಷ್ಟು ದೂರು ಬಂದಿವೆ, ಎಷ್ಟು ಪ್ರಕರಣ ದಾಖಲಾಗಿವೆ, ಎಷ್ಟು ಹಣ ಮರಳಿದೆ ಎಂದು ಸದನದಲ್ಲಿ ಪ್ರಶ್ನೆ ಕೇಳಬೇಕು."

ಇದರಲ್ಲಿ ಕೇಳಿದ್ದು ಎರಡೇ, ಎರಡೂ ಶಾಸಕರ ಕೈಯಲ್ಲಿ ಇರುವಂಥವು. ಕಾಯ್ದೆ ರದ್ದುಮಾಡಿ ಎಂದು ಕೇಳಿಲ್ಲ. ಪ್ರಶ್ನೆಯ ಮಾತುಗಳನ್ನು ನಾವೇ ಸಿದ್ಧವಾಗಿ ಬರೆದುಕೊಟ್ಟದ್ದು ಆಪ್ತ ಸಹಾಯಕರಿಗೆ ಬಹಳ ಹಿಡಿಸಿತು, ಅವರ ಕೆಲಸ ಉಳಿಯಿತಲ್ಲ.

ಆಪ್ತ ಸಹಾಯಕರ ಬಗ್ಗೆ ಎರಡು ಮಾತು. ಯಾವ ಕಾಗದ ಮೇಲೆ ಬರಬೇಕು, ಯಾವುದು ಕೆಳಗೆ ಹೋಗಬೇಕು ಎಂಬುದು ಅವರ ಕೈಯಲ್ಲಿದೆ. ಅವರನ್ನು ಬಾಗಿಲು ಕಾಯುವವರಂತೆ ಕಾಣಬೇಡಿ. ಮೊದಲು ಅವರೊಬ್ಬರ ಜೊತೆ ಕುಳಿತು ಹತ್ತು ನಿಮಿಷದಲ್ಲಿ ವಿಷಯ ಹೇಳಿ. ಶಾಸಕರು ಯಾವ ದಿನ ಊರಿನಲ್ಲಿ, ಯಾವ ದಿನ ಬೆಂಗಳೂರಿನ ಶಾಸಕರ ಭವನದಲ್ಲಿ ಎಂದು ಕೇಳಿ. ಅಧಿವೇಶನ ನಡೆಯುವಾಗ ವಿಧಾನಸೌಧಕ್ಕೆ ಹೋಗಿ ಪಾಸಿಗೆ ಕಾಯುವುದು ದಂಡ. ಅಲ್ಲಿ ಸಿಕ್ಕರೂ ಕಾರಿಡಾರಿನಲ್ಲಿ ನಡೆಯುತ್ತಲೇ ಮಾತು. ಅಧಿವೇಶನಕ್ಕೆ ಮೂರು ವಾರ ಮೊದಲು, ಊರಿನ ಮನೆಯಲ್ಲಿ, ಬೆಳಿಗ್ಗೆ ಏಳಕ್ಕೆ. ಪ್ರಶ್ನೆಗೆ ಮುಂಚಿತವಾಗಿ ಸೂಚನೆ ಕೊಡಬೇಕಾಗುತ್ತದೆ, ಅಧಿವೇಶನ ಶುರುವಾದ ಮೇಲೆ ಹೋದರೆ ಆ ಬಾಗಿಲು ಮುಚ್ಚಿರುತ್ತದೆ. ಮದುವೆ ಮನೆಯಲ್ಲಿ ಹಿಡಿಯುತ್ತೇನೆ ಎನ್ನುವವರಿದ್ದಾರೆ. ಅಲ್ಲಿ ನಮಸ್ಕಾರ ಮಾತ್ರ ಮಾಡಿ.

ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಮುಂಚೆ, ನವೆಂಬರಿನ ಒಂದು ಬೆಳಿಗ್ಗೆ ಐವರು ಹೋದೆವು. ತಂಗಿ, ಮೆಡಿಕಲ್ ಸ್ಟೋರಿನವರು, ಮೇಷ್ಟರು, ಎಲ್‌ಐಸಿಯವರು, ನಾನು. ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಪೋಡಿ ಆಗದವರು, ವರ್ಗಾವಣೆ ಬೇಕಾದವರು, ಬೋರ್‌ವೆಲ್ ಕೇಳುವವರು. ನಮ್ಮ ಸರದಿ ಬಂದಾಗ ಶಾಸಕರು ಬೇರೆ ಕಾಗದಕ್ಕೆ ಸಹಿ ಹಾಕುತ್ತಲೇ "ಹೇಳಿ ಹೇಳಿ" ಎಂದರು. ಮೊದಲು ಮಾತಾಡುವವಳು ತಂಗಿ ಎಂದು ನಿರ್ಧಾರವಾಗಿತ್ತು. ಅವಳು ಮಾತಾಡಲೇ ಇಲ್ಲ. ಸೆರಗಿನೊಳಗಿಂದ ಬ್ಯಾಂಕಿನ ಪಾಸ್‌ಬುಕ್ ತೆಗೆದು, ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಪುಟ ಬಿಡಿಸಿ, ಅವರ ಮುಂದಿದ್ದ ಕಾಗದಗಳ ಮೇಲೆಯೇ ಇಟ್ಟಳು. ಒಂದೇ ದಿನಾಂಕ. ಐನೂರು, ಐನೂರು, ಸಾವಿರ, ಐನೂರು, ಎರಡು ಸಾವಿರ. ಇಪ್ಪತ್ತಮೂರು ಸಾಲು. ಪಕ್ಕದಲ್ಲಿ ಮೊಬೈಲಿನ ಸಂದೇಶ ನೋಡಿ ಅವಳೇ ಬರೆದಿದ್ದ ಸಮಯ: ಮೊದಲನೆಯದು ರಾತ್ರಿ 11.40, ಕೊನೆಯದು 3.10.

ಶಾಸಕರು ಪೆನ್ನು ಕೆಳಗಿಟ್ಟರು. "ಒಂದೇ ರಾತ್ರಿಯಲ್ಲೇ ತಾಯಿ?"

"ಹೌದು ಸ್ವಾಮಿ. ನಾನು ಪಕ್ಕದ ಕೋಣೆಯಲ್ಲೇ ಮಲಗಿದ್ದೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳೇ ಹೇಳಿದಳು: "ನಮ್ಮ ಅಣ್ಣನಿಗೆ ಆಟ ಬೇಕು. ನನಗೆ ಬೇಡ, ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ಆದರೆ ಮೊದಲು ನುಂಗಿದವನಿಗೆ ಒಂದು ವಿಳಾಸವಿತ್ತು, ಕಾಗದ ಬರೆದೆ, ಉತ್ತರವಾದರೂ ಬಂತು. ಈಗ ನುಂಗಿದವನಿಗೆ ವಿಳಾಸವೇ ಇಲ್ಲ. ವಿಳಾಸ ಇರುವವನಿಗೆ ಮಾತ್ರ ಬಾಗಿಲು ತೆಗೆಯಿರಿ. ರಾತ್ರಿಯಾದರೆ ಆ ಬಾಗಿಲು ಹಾಕಿಸಿ. ನನ್ನಂಥವಳು ಹೋಗಿ ಬೀಗ ಹಾಕಿ ಎಂದರೆ ಹಾಕಬೇಕು."

ಹನ್ನೊಂದು ಗಂಡಸರು, ನಾಲ್ಕು ಪುಟ, ಮೂರು ತೀರ್ಪುಗಳಿಂದ ಆಗದ್ದು ಒಂದು ಪಾಸ್‌ಬುಕ್ಕಿನಿಂದ ಆಯಿತು. ಇಪ್ಪತ್ತೈದು ನಿಮಿಷ ಕೂರಿಸಿಕೊಂಡರು.

ಇದನ್ನು ಕೇಳಿದ ಒಬ್ಬ ಗೆಳೆಯ, "ಸರಿ, ನಮ್ಮ ಊರಲ್ಲೂ ಯಾರಾದರೂ ಅಳುವ ತಾಯಿಯನ್ನು ಹುಡುಕುತ್ತೇವೆ" ಎಂದ. ಅವನಿಗೆ ಬೈದೆ. ಸೋತವರು ನಿಮ್ಮ ವಾದಕ್ಕೆ ಅಲಂಕಾರವಲ್ಲ. ಅವರು ಪತ್ರ ಬರೆಯುವಾಗಲೇ ಜೊತೆಗಿರಬೇಕು, ಅವರಿಗೆ ಒಪ್ಪಿಗೆಯಿಲ್ಲದ ಸಾಲು ಪತ್ರದಲ್ಲಿ ಇರಬಾರದು, ನಿಮ್ಮ ವಿರುದ್ಧವೂ ಅವರು ಅಲ್ಲಿಯೇ ಮಾತಾಡಬಹುದು. ತಂಗಿ ಬರುವುದಕ್ಕೆ ಹಾಕಿದ ಷರತ್ತು ಒಂದೇ: ನಾನೂ ಇನ್ನು ಮೇಲೆ ಆಡಬಾರದು, ಕಾಯ್ದೆ ಬದಲಾದರೂ. ಒಪ್ಪಿಕೊಂಡೆ. ಜನ ನಗುತ್ತಾರೆ, ಆಡದವನಿಗೆ ಏಕೆ ಈ ಉಸಾಬರಿ ಎಂದು. ಶಾಸಕರೂ ಕೇಳಿದರು. ನಾನೇ ಆಟ ಬಿಟ್ಟಿದ್ದೇನೆ ಎಂಬ ಉತ್ತರ ನನಗೆ ಅನುಕೂಲವೇ ಆಯಿತು.

ಅಂದಹಾಗೆ, ನಿಮ್ಮ ಗುಂಪಿನಲ್ಲಿ ಯಾರಾದರೂ ಕೈಮೀರಿ ಆಡುತ್ತಿದ್ದರೆ ಮೊದಲು ಅವರನ್ನು ನೋಡಿ, ಮನವಿ ಆಮೇಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆಟಗಳ ಗೀಳಿಗೆಂದೇ ಚಿಕಿತ್ಸಾ ಘಟಕವಿದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನನ್ನ ಸೋದರಳಿಯ ಈಗ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರುತ್ತಾನೆ.

ಅವರು ಹಾಕುವ ಪ್ರಶ್ನೆಗಳಿಗೆ ಮನೆಯಲ್ಲೇ ತಯಾರಾಗಿ. ಧರ್ಮರಾಯ ಬಂದೇ ಬರುತ್ತಾನೆ. ಈ ಸಲವೂ ಬಂದ. ಮೇಷ್ಟರು ಸಿದ್ಧವಾಗಿದ್ದರು: "ಸ್ವಾಮಿ, ಆ ಸಭೆಯಲ್ಲಿ ಭೀಷ್ಮರಿದ್ದರು, ದ್ರೋಣರಿದ್ದರು. ಇಲ್ಲಿಗೆ ನಿಲ್ಲಿಸು ಎನ್ನುವ ಅಧಿಕಾರ ಯಾರಿಗೂ ಇರಲಿಲ್ಲ. ನಾವು ಕೇಳುತ್ತಿರುವುದು ಆ ಅಧಿಕಾರವನ್ನೇ." ಶಾಸಕರು ನಕ್ಕರು, ಈ ಸಲ ಬೇರೆ ಬಗೆಯ ನಗು. ಕುದುರೆ ರೇಸಿನ ಮಾತನ್ನೂ ಇಟ್ಟುಕೊಂಡಿರಿ: 2021ರ ರಾಜ್ಯದ ತಿದ್ದುಪಡಿ ಲಾಟರಿಯನ್ನೂ ರೇಸ್ ಕೋರ್ಸಿನೊಳಗಿನ ಬಾಜಿಯನ್ನೂ ಬಿಟ್ಟುಕೊಟ್ಟಿತ್ತು, ರೇಸ್ ಕೋರ್ಸ್ ಇರುವುದು ವಿಧಾನಸೌಧದ ಹತ್ತಿರದಲ್ಲೇ. ಯುಗಾದಿಯ ಹೊಸತೊಡಕಿನ ದಿನ ನಮ್ಮ ಹಳ್ಳಿಗಳಲ್ಲಿ ಎಲೆ ಹಾಕದ ಅರಳಿಕಟ್ಟೆ ಯಾವುದಿದೆ ಎಂಬ ಮಾತನ್ನು ಮಾತ್ರ ಆಡಬೇಡಿ. ಅಲ್ಲಿದ್ದ ಪೊಲೀಸರು ಕಿವಿ ನಿಮಿರಿಸುತ್ತಾರೆ. ಕೌಶಲವೋ ಅದೃಷ್ಟವೋ ಎಂಬ ವಾದ ವಕೀಲರಿಗಿರಲಿ, ಅದು ಸುಪ್ರೀಂ ಕೋರ್ಟಿನ ಮುಂದಿದೆ.

ಇನ್ನೊಂದು ಬಲೆ ಇದೆ. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆ ಎಂಬುದು ಮಸೂದೆ ತಂದಾಗ ಕೇಂದ್ರ ಸರ್ಕಾರ ಹೇಳಿದ ಅಂದಾಜು. ವ್ಯಾಪಾರಿಯಾದ ನಾನು ತಕ್ಷಣ ಭಾಗಿಸಿ ನೋಡಿದೆ: ತಲೆಗೆ 444 ರೂಪಾಯಿ. ಎಷ್ಟು ಸಲೀಸಾದ ಉತ್ತರ ಎಂದು ಹಿಗ್ಗಿ, ತಂಗಿಯ ಮುಂದೆ ಹೇಳಿದೆ. "ಅದರಲ್ಲಿ ನನ್ನ ಮಗ ಎಲ್ಲಿದ್ದಾನೆ ತೋರಿಸು" ಎಂದಳು. ಸರಾಸರಿಯನ್ನು ಪತ್ರದಿಂದ ತೆಗೆದೆವು. ತೆರಿಗೆಯ ಮಾತೂ ಹಾಗೆಯೇ. 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಇತ್ತು, ಅದೀಗ ಸರ್ಕಾರಕ್ಕೆ ನಷ್ಟ ಎಂಬುದು ನಿಜ. ಹಣಕಾಸು ತಿಳಿದ ಅಧಿಕಾರಿಯ ಮುಂದೆ ಹೇಳಿ. ಪಾಸ್‌ಬುಕ್ ನೋಡಿದ ಶಾಸಕರ ಮುಂದೆ ಹೇಳಿದರೆ ಕೆಟ್ಟದಾಗಿ ಕೇಳಿಸುತ್ತದೆ.

ಶಾಸಕರು ಒಬ್ಬರೇ ಅಲ್ಲ. ವಿಧಾನ ಪರಿಷತ್ತಿನಲ್ಲಿ 75 ಸದಸ್ಯರಿದ್ದಾರೆ. ಪದವೀಧರರ ಕ್ಷೇತ್ರ, ಶಿಕ್ಷಕರ ಕ್ಷೇತ್ರ ತಲಾ ಏಳು. ನಮ್ಮ ಜಿಲ್ಲೆ ಆಗ್ನೇಯ ಕ್ಷೇತ್ರಕ್ಕೆ ಸೇರಿದ್ದು. ಪದವಿ ಮುಗಿಸಿ ಮೂರು ವರ್ಷವಾದವರು ನಮೂನೆ 18ರಲ್ಲಿ ಹೆಸರು ಸೇರಿಸಿಕೊಂಡರೆ ನಿಮಗೆ ಇನ್ನೊಬ್ಬ ಜನಪ್ರತಿನಿಧಿ ಸಿಕ್ಕಂತೆ. ಆ ಪಟ್ಟಿಗೆ ಸೇರುವ ಗೋಜಿಗೆ ಬಹಳ ಪದವೀಧರರು ಹೋಗುವುದಿಲ್ಲ. ಚಿಕ್ಕ ಪಟ್ಟಿಯಲ್ಲಿ ಒಂದೊಂದು ಹೆಸರಿಗೂ ತೂಕ ಜಾಸ್ತಿ. ಚುನಾವಣೆಯಲ್ಲಿ ಸೋತ ಎದುರು ಪಕ್ಷದವರಿಗೂ ಅದೇ ಪತ್ರ ಕೊಡಿ, ಒಂದಕ್ಷರ ಬದಲಿಸದೆ. ಊರಿನಲ್ಲಿ ಗುಟ್ಟು ನಿಲ್ಲುವುದಿಲ್ಲ.

ಸಂಸದರ ಬಳಿ ಹೋಗುವಾಗ ಒಂದಿಷ್ಟು ನಿಯಮ ಗೊತ್ತಿರಲಿ. ಸದಸ್ಯರು ಪ್ರಶ್ನೆಗೆ ಕನಿಷ್ಠ ಹದಿನೈದು ದಿನ ಮುಂಚೆ ಸೂಚನೆ ಕೊಡಬೇಕು. ನಿಮ್ಮ ಸಂಸದರು ಕೇಂದ್ರದಲ್ಲಿ ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗ ಅವರಿಗೆ ಪತ್ರ ಕೊಟ್ಟು, ಪ್ರಶ್ನೆಯನ್ನು ರಾಜ್ಯದ ಹನ್ನೆರಡು ರಾಜ್ಯಸಭಾ ಸದಸ್ಯರಲ್ಲಿ ಒಬ್ಬರಿಗೆ ಒಯ್ಯಿರಿ. ಲೋಕಸಭೆಗೆ ಸಾರ್ವಜನಿಕರೇ ಅರ್ಜಿ ಸಲ್ಲಿಸುವ ದಾರಿಯೂ ಇದೆ. ಸದಸ್ಯರೊಬ್ಬರು ಅದಕ್ಕೆ ಮೇಲುಸಹಿ ಹಾಕಬೇಕು. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನು ಅರ್ಜಿದಾರರ ಸಹಿಯೊಂದಿಗೆ ಜೋಡಿಸಬೇಕು. ನ್ಯಾಯಾಲಯದ ವ್ಯಾಪ್ತಿಯ ವಿಷಯವಾದರೆ ಸ್ವೀಕರಿಸುವುದಿಲ್ಲ. ಆದ್ದರಿಂದ ಕಾಯ್ದೆ ಸಿಂಧುವೇ ಎಂದು ಅರ್ಜಿ ಬರೆದು ಕಾಗದ ಹಾಳುಮಾಡಬೇಡಿ. ವಿದೇಶಿ ಆ್ಯಪ್‌ಗಳ ತಡೆ, ಹಣ ಕಳೆದುಕೊಂಡವರ ನೆರವು ಇಂಥದ್ದನ್ನು ಹಿಡಿಯಿರಿ.

ನಮ್ಮ ಖರ್ಚು: ಡಿಟಿಪಿ, ಜೆರಾಕ್ಸ್ 260, ಬಸ್ಸು 1,180, ತಿಂಡಿ ಕಾಫಿ 940, ಅಂಚೆ 212. ಒಟ್ಟು 2,592 ರೂಪಾಯಿ, ಒಂಬತ್ತು ಜನ ತಲಾ 288 ಹಾಕಿಕೊಂಡೆವು. ಆ ಚೀಟಿಯನ್ನು ಪತ್ರದ ಹಿಂದೆ ಪಿನ್ ಮಾಡಿದ್ದೆ. ಯಾರ ಹಣ ಎಂದು ಆಪ್ತ ಸಹಾಯಕರು ಕೇಳುವ ಮೊದಲೇ ಉತ್ತರ ಕೈಯಲ್ಲಿತ್ತು.

ಸಿಕ್ಕಿದ್ದೇನು ಎಂದರೆ, ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವರಿಗೆ ಶಾಸಕರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರದ ಪ್ರತಿ. ನಾವು ಬರೆದುಕೊಟ್ಟ ಪ್ರಶ್ನೆ ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರ ಬರುವ, ಪ್ರಶ್ನೆಯಾಗಿ ಹೋಗಿದೆ ಎಂದು ಆಪ್ತ ಸಹಾಯಕರು ಫೋನ್ ಮಾಡಿದರು. ಕಾಯ್ದೆಯ ಒಂದು ಅಲ್ಪವಿರಾಮವೂ ಬದಲಾಗಿಲ್ಲ. ಭೇಟಿಯ ಮಾರನೆಯ ದಿನವೇ ಧನ್ಯವಾದದ ಕಾಗದ ಬರೆಯಿರಿ, ಅದರಲ್ಲಿ ಅವರು ಒಪ್ಪಿಕೊಂಡದ್ದನ್ನು ಅವರದೇ ಮಾತಿನಲ್ಲಿ ನಮೂದಿಸಿ. ಏನೇ ಕೊಟ್ಟರೂ ಎರಡನೇ ಪ್ರತಿಯ ಮೇಲೆ ದಿನಾಂಕ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಎದ್ದುಬರಬೇಡಿ. ಮೊಹರು ಇಲ್ಲ, ಸಾಹೇಬರು ನೋಡಿದ್ದಾರಲ್ಲ ಎಂದು ಕಚೇರಿಯ ಹುಡುಗ ಹೇಳಿದಾಗ ನಾನು ಎದ್ದುಬಿಟ್ಟಿದ್ದೆ. ತಂಗಿ ಕುಳಿತೇ ಇದ್ದಳು. ಹುಡುಗ ಮೂರು ಡ್ರಾಯರ್ ಎಳೆದು, ನಾಲ್ಕನೆಯದರಲ್ಲಿ ಮೊಹರು ಹುಡುಕಿ, ಇಂಕಿನ ಪ್ಯಾಡಿಗೆ ಎರಡು ಹನಿ ನೀರು ಹಾಕಿ ಒತ್ತಿಕೊಟ್ಟ.